ಬ್ಯಾಗ್ ಬದಲಿಸುವುದನ್ನು ಪತಿಯೂ ಕಲಿಯಲಿ

ಪ್ರಶ್ನೆ: ನಾನು ಚಳ್ಳಕೆರೆಯಲ್ಲಿ ಶಿಕ್ಷಕಿ. ಕಿಡ್ನಿ ವೈಫಲ್ಯವಿರುವ ಪತಿಗೆ ಒಂದು ವರ್ಷದಿಂದ ಮನೆಯಲ್ಲೇ ಹೊಟ್ಟೆಯ ಡಯಾಲಿಸಿಸ್ ನಡೆಯುತ್ತಿದೆ. ಅವರ ಕೈ, ಕಣ್ಣು ಚೆನ್ನಾಗಿದ್ದರೂ ಭಯದಿಂದ ಡಯಾಲಿಸಿಸ್ ದ್ರಾವಣದ ಬ್ಯಾಗ್ ಮುಟ್ಟುವುದಿಲ್ಲ. ದಿನಕ್ಕೆ 4 ಬಾರಿ ನಾನೇ ಬದಲಿಸಬೇಕು. ಮಧ್ಯಾಹ್ನ ಶಾಲೆಯಿಂದ ಓಡಿ ಬರುತ್ತೇನೆ. ದಾವಣಗೆರೆಯಲ್ಲಿ ನಡೆಯುವ ತಮ್ಮನ ಮದುವೆಗೆ 2 ದಿನ ಹೋಗುವೆನೆಂದರೆ ಅತ್ತೆ ಬೇಸರಪಡುತ್ತಾರೆ. ಆಸ್ಪತ್ರೆಯ ಡಯಾಲಿಸಿಸ್‌ಗೇ ಬದಲಾಯಿಸೋಣವೇ?

ಉತ್ತರ: ನಿಮ್ಮ ದಣಿವನ್ನು ಪ್ರೀತಿಯ ಕೊರತೆಯೆಂದು ದಯವಿಟ್ಟು ಭಾವಿಸಬೇಡಿ. ಸುಮಾರು 2 ಲೀಟರ್ ದ್ರಾವಣವನ್ನು ಹೊಟ್ಟೆಗೆ ತುಂಬಿ, 4ರಿಂದ 6 ಗಂಟೆ ಬಿಟ್ಟು ಹೊರಹರಿಸುವ ಈ ಚಿಕಿತ್ಸೆಯನ್ನು ಬಹಳಷ್ಟು ರೋಗಿಗಳು ತಾವೇ ಮಾಡಿಕೊಳ್ಳುತ್ತಾರೆ. ಆದ್ದರಿಂದ ನಿಮಗೆ ತರಬೇತಿ ನೀಡಿದ ನರ್ಸ್ ಬಳಿ ಈ ಬಾರಿ ಪತಿಯನ್ನೇ ಕೂರಿಸಿ. ಅವರ ಭಯಕ್ಕೆ ಕಾರಣವಿಲ್ಲದೆ ಇಲ್ಲ: ಹೊಟ್ಟೆಗೆ ಅಳವಡಿಸಿದ ಪೈಪಿನ ತುದಿಗೆ ಕೊಳೆ ತಾಗಿದರೆ ಹೊಟ್ಟೆಯೊಳಗೆ ಸೋಂಕಾಗಬಹುದು. ಆದರೆ ಅದನ್ನು ತಡೆಯುವುದು ಶಿಸ್ತು, ಹೆಂಡತಿಯ ಕೈಯೇ ಆಗಬೇಕೆಂದಿಲ್ಲ. ಕೈ ತೊಳೆದು ಚೆನ್ನಾಗಿ ಒಣಗಿಸುವುದು, ಮಾಸ್ಕ್ ಧರಿಸುವುದು, ಫ್ಯಾನ್ ನಿಲ್ಲಿಸುವುದು, ನಿಮ್ಮೂರಿನ ಗಾಳಿ ಧೂಳಿಗೆ ಕಿಟಕಿಯನ್ನೂ ಮುಚ್ಚುವುದು. ಮೊದಲು ನೀವು ಪಕ್ಕದಲ್ಲಿ ಕುಳಿತು, ಕೈ ಹಾಕದೆ, ನೋಡುತ್ತಿರಿ. ಮದುವೆಗೆ ಮುಂಚೆಯೇ ಮಧ್ಯಾಹ್ನದ ಬ್ಯಾಗನ್ನು ಅವರಿಗೇ ಬಿಟ್ಟುಕೊಡಿ. ನರ್ಸ್ ಒಪ್ಪಿದ ಮೇಲೆ ನಿಶ್ಚಿಂತೆಯಿಂದ ಹೊರಡಿ.

ಅತ್ತೆಯವರ ಮಾತಿನ ಹಿಂದೆಯೂ ಮಗನ ಬಗೆಗಿನ ಹೆದರಿಕೆಯೇ ಇದೆ ಎಂದು ನನಗನ್ನಿಸುತ್ತದೆ. ಬ್ಯಾಗ್ ಬದಲಿಸುವಾಗ ನೆಂಟರು ಕೋಣೆಗೆ ನುಗ್ಗದಂತೆ ಬಾಗಿಲು ಕಾಯುವ ಹೊಣೆಯನ್ನು ಅವರಿಗೆ ವಹಿಸಿ. ಹೊರಬಂದ ನೀರು ಮಬ್ಬಾಗಿದ್ದರೆ, ಹೊಟ್ಟೆನೋವು ಅಥವಾ ಜ್ವರ ಬಂದರೆ, ಮರುದಿನಕ್ಕೆ ಕಾಯದೆ ಆ ಬ್ಯಾಗಿನೊಂದಿಗೇ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಇಬ್ಬರಿಗೂ ತಿಳಿಸಿ.

ಆಸ್ಪತ್ರೆಯ ಡಯಾಲಿಸಿಸ್ ಕೆಟ್ಟ ಆಯ್ಕೆಯಲ್ಲ. ಆದರೆ ಅದಕ್ಕೆ ಸಾಮಾನ್ಯವಾಗಿ ವಾರಕ್ಕೆ 3 ಬಾರಿ, ಪ್ರತಿ ಬಾರಿ ಸುಮಾರು 4 ಗಂಟೆ ಬೇಕು, ಸೂಜಿ ಚುಚ್ಚಲು ಕೈಯ ರಕ್ತನಾಳಗಳನ್ನು ಜೋಡಿಸಿ ಮಾಡುವ ಫಿಸ್ಟುಲಾ ಬಲಿಯಲು ವಾರಗಳೇ ಹಿಡಿಯುತ್ತವೆ, ನೀರು, ಆಹಾರದ ಕಟ್ಟುಪಾಡೂ ಹೆಚ್ಚು. ಒಂದು ಮದುವೆಗಾಗಿ ಅದನ್ನು ನಿರ್ಧರಿಸಬೇಡಿ. ದಣಿವು ತಗ್ಗಿದ ಮೇಲೂ ಹಾಗೆಯೇ ಅನ್ನಿಸಿದರೆ ಮೂತ್ರಪಿಂಡ ತಜ್ಞರೊಂದಿಗೆ ಮಾತನಾಡಿ.

ಹೊರಡುವ ಮುನ್ನ ಪೆಟ್ಟಿಗೆಗಳನ್ನು ಬಿಚ್ಚಿ ಬ್ಯಾಗುಗಳನ್ನು ಸೊಂಟದೆತ್ತರದಲ್ಲಿ ಜೋಡಿಸಿಡಿ. ಭಾರ ಎತ್ತಿದರೆ ಪತಿಗೆ ಹರ್ನಿಯಾ ಆಗುವ ಅಪಾಯವಿದೆ. ನರ್ಸ್‌ನ ಫೋನ್ ಸಂಖ್ಯೆ ಅತ್ತೆಯವರ ಮೊಬೈಲ್‌ನಲ್ಲೂ ಇರಲಿ.