ಗುಡ್ಡ ಕೊಟ್ಟಷ್ಟು ನೀರು

“ನಾಗರಿಕತೆಯಿಂದ ಕಳೆದುಕೊಂಡದ್ದನ್ನೇ ಪ್ರತಿ ಸಂಚಿಕೆಯಲ್ಲೂ ಹೇಳುತ್ತೀರಿ. ಮನುಕುಲ ಗಳಿಸಿದ್ದು ನಿಮಗೆ ಕಾಣುವುದಿಲ್ಲವೇ? ಸ್ವಿಚ್ ಒತ್ತಿದರೆ ನೀರು ಬರುವಾಗ ಸುರಂಗದ ಗುಣಗಾನ ಯಾಕೆ?” — ಕಾಸರಗೋಡಿನ ಬದಿಯಡ್ಕದ ಓದುಗರೊಬ್ಬರು

ಕಾಣುತ್ತದೆ ಮಾರಾಯರೇ. ನನ್ನ ಅಜ್ಜಿ ಸಿಡುಬಿಗೆ ಎರಡು ಮಕ್ಕಳನ್ನು ಕೊಟ್ಟವರು. ಆ ರೋಗ ಭೂಮಿಯಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಅದನ್ನು ಸಣ್ಣದೆನ್ನುವ ಬಾಯಿ ನನ್ನದಲ್ಲ.

ಆದರೆ ಸುರಂಗವನ್ನು ಹಳಿಯುವ ಮೊದಲು ನೀವು ಒಮ್ಮೆ ಅದರೊಳಗೆ ಹೊಕ್ಕು ಬರಬೇಕಿತ್ತು. ನೀರಿಗಾಗಿ ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ, ಒಬ್ಬ ಬಗ್ಗಿ ನಡೆಯುವಷ್ಟೇ ಜಾಗ. ಅಗೆಯುವವನ ಪಕ್ಕದಲ್ಲಿ ದೀಪ. ಅದು ಮಂಕಾದರೆ ಉಸಿರಿಗೆ ಗಾಳಿ ಸಾಲದು, ಕೂಡಲೇ ಹೊರಗೆ ಬರಬೇಕು. ಒಸರು ಸಿಕ್ಕಿತೋ, ಪಂಪೂ ಬೇಡ, ಕರೆಂಟೂ ಬೇಡ, ಇಳಿಜಾರಿನಲ್ಲಿ ನೀರು ತಾನಾಗಿ ಅಂಗಳಕ್ಕೆ ಬರುತ್ತದೆ. ನಮ್ಮ ಮನೆಯಲ್ಲಿ ಅಡಿಕೆಮರದ ದಂಬೆಯಲ್ಲಿ ಹರಿದು ಕಲ್ಲುಮರಿಗೆಗೆ ಬೀಳುತ್ತಿತ್ತು. ಏಪ್ರಿಲಿನಲ್ಲಿ ಧಾರೆ ಕಿರುಬೆರಳಿನಷ್ಟಾದರೆ ಅಮ್ಮ ಬಟ್ಟೆಯ ಗಂಟು ಹೊತ್ತು ತೋಡಿಗೆ ಹೋಗುತ್ತಿದ್ದರು. ಗುಡ್ಡ ಕೊಟ್ಟಷ್ಟರಲ್ಲೇ ಮನೆ ನಡೆಯಬೇಕು. ಆರುನೂರು ಅಡಿಯ ಬೋರ್‌ವೆಲ್ಲಿನಲ್ಲಿ ಎಷ್ಟು ಉಳಿದಿದೆಯೆಂದು ಎಳೆಯುವವನಿಗೆ ಗೊತ್ತಾಗುವುದು ಬತ್ತಿದ ದಿನ. ನಾವು ಕಳೆದುಕೊಂಡದ್ದು ಅಮ್ಮನಿಗಿದ್ದ ಆ ಅಂದಾಜನ್ನು.

ನಮ್ಮ ಗಡಿಯಾಚೆ, ಕರ್ನಾಟಕದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರನ್ನು ನೋಡಿ. ಕೂಲಿ ಕೆಲಸ ಮುಗಿಸಿ ಬಂದು ಒಬ್ಬರೇ ಸುರಂಗ ಕೊರೆದರು. ಒಂದಾದ ಮೇಲೊಂದು ಕೈಕೊಟ್ಟರೂ ಬಿಡದೆ, ಬೋಳುಗುಡ್ಡದಲ್ಲಿ ಅಡಿಕೆತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನನಗೆ ಕಣ್ಣು ತುಂಬಿ ಬಂತು.

ಇನ್ನು ‘ಮನುಕುಲ ಗಳಿಸಿದ್ದು’ ಎಂದಿರಲ್ಲ, ಅದರಲ್ಲಿ ನಮ್ಮವರು ಸೇರಿದ್ದಾರೆಯೇ? ಇಲ್ಲಿನ ಗೇರುಗುಡ್ಡಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಗೇರುಬೀಜ ಪೇಟೆಗೆ ಹೋಯಿತು, ವಿಷ ಎಣ್ಮಕಜೆಯ ಪಡ್ರೆಯಂಥ ಊರುಗಳ ತೋಡಿಗಿಳಿಯಿತು. ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ತಡೆದದ್ದು 2011ರಲ್ಲಿ. ಹಾಸಿಗೆ ಬಿಟ್ಟೇಳದ ಮಕ್ಕಳಿಗೆ, ಮೀಸೆ ಬಂದ ಮಕ್ಕಳಿಗೆ, ಮುದುಕಿಯಾದ ತಾಯಿ ಇವತ್ತಿಗೂ ಗಂಜಿ ತಿನ್ನಿಸುವ ಮನೆಗಳಿವೆ. ನಿಮ್ಮ ಜಮಾಖರ್ಚಿನಲ್ಲಿ ಆ ತಾಯಂದಿರನ್ನು ಎಲ್ಲಿ ಬರೆಯುತ್ತೀರಿ?

ನೀವು ಅಕ್ಕರೆಯಿಂದ ಓದುವವರು, ಅದಕ್ಕೇ ಇಷ್ಟು ಸಲಿಗೆ. ಕಳೆದ ವರ್ಷ ಒಂದು ಕಚೇರಿಯಿಂದ ನಮ್ಮ ಮನೆಗೆ ಅರ್ಜಿ ಬಂತು, ಬರಿಯ ಮಲಯಾಳದಲ್ಲಿ. ನೀರಿನ ಮೂಲ ಯಾವುದು? ಬಾವಿ, ಬೋರ್‌ವೆಲ್, ಪೈಪು, ಇತರೆ. ನಾವು ಈಗಲೂ ಕುಡಿಯುವ ನೀರಿಗೆ ಅದರಲ್ಲಿ ಹೆಸರೇ ಇಲ್ಲ. ‘ಇತರೆ’ಗೆ ಗುರುತು ಹಾಕಲು ಕೈ ಬರಲಿಲ್ಲ. ಅಂಚಿನಲ್ಲಿ ಕನ್ನಡದಲ್ಲೇ ‘ಸುರಂಗ’ ಎಂದು ಬರೆದು ಕೊಟ್ಟೆ.