ಪೆಟ್ಟು ಹಣೆಗೆ ಬಿದ್ದರೆ ಮೂಗಿನಿಂದ ನೀರೇಕೆ ಬರುತ್ತದೆ?

ಬೈಕಿನಿಂದ ಬಿದ್ದ ನಿಮ್ಮ ತಮ್ಮನಿಗೆ ಪೆಟ್ಟಾದದ್ದು ಹಣೆಗೆ. ಆದರೂ ಮರುದಿನ ಎರಡೂ ಕಣ್ಣಿನ ಸುತ್ತ ಕಪ್ಪಾದದ್ದೇಕೆ, ಮೂಗಿನಿಂದ ತಿಳಿನೀರು ತೊಟ್ಟಿಕ್ಕುವುದೇಕೆ, ಮೂಗು ಸೀಟಲೇಬಾರದು ಎಂದು ಡಾಕ್ಟರು ಅಷ್ಟು ಒತ್ತಿ ಹೇಳಿದ್ದೇಕೆ ಎಂದು ಕೇಳಿದ್ದೀರಿ. ನಾನು ಮೆಡಿಕಲ್ ವಿದ್ಯಾರ್ಥಿಗಳಿಗೆ ಅನಾಟಮಿ ಕಲಿಸುತ್ತೇನೆ. ಮೂರಕ್ಕೂ ಉತ್ತರ ತಲೆಬುರುಡೆಯ ತಳದಲ್ಲಿದೆ.

ಮಿದುಳು ಕೂರುವ ಆ ತಳ ಸಮತಟ್ಟಾಗಿಲ್ಲ. ಮುಂದಿನಿಂದ ಹಿಂದಕ್ಕೆ ಮೂರು ಕುಳಿಗಳು, ಒಂದಕ್ಕಿಂತ ಒಂದು ಆಳ. ನರಗಳು, ರಕ್ತನಾಳಗಳು ಹಾದುಹೋಗಲು ಅಲ್ಲೆಲ್ಲ ರಂಧ್ರಗಳಿವೆ. ಬಿರುಕು ಹೆಚ್ಚಾಗಿ ಇಂಥ ದುರ್ಬಲ ಜಾಗಗಳನ್ನೇ ಹಿಡಿದು ಸಾಗುತ್ತದೆ.

ನೀವು ಹೇಳಿದ ಲಕ್ಷಣಗಳೆಲ್ಲ ಮುಂದಿನ ಕುಳಿಯವು. ಅದರ ನೆಲವೇ ಕಣ್ಣುಗೂಡಿನ ಚಾವಣಿ. ಅದು ಸೀಳಿದಾಗ ರಕ್ತ ನಿಧಾನವಾಗಿ ರೆಪ್ಪೆಗಳಿಗೆ ಇಳಿಯುತ್ತದೆ. ಅದಕ್ಕೇ ಕಪ್ಪು ಕೂಡಲೇ ಕಾಣದೆ ಕೆಲವು ಗಂಟೆ ಬಿಟ್ಟು ಕಂಡಿತು. ಎರಡು ಕಣ್ಣುಗೂಡುಗಳ ನಡುವೆ, ಮೂಗಿನ ನೆತ್ತಿಯ ಮೇಲೆ, ಎಥ್ಮಾಯ್ಡ್ ಮೂಳೆಯ ತೆಳು ಹಲಗೆಯೊಂದಿದೆ. ಜರಡಿಯಂತೆ ತೂತು ತೂತು. ವಾಸನೆಯ ನರದ ಎಳೆಗಳು ಆ ತೂತುಗಳ ಮೂಲಕವೇ ಮೇಲಕ್ಕೆ ಹೋಗುತ್ತವೆ. ಮಿದುಳಿನ ಹೊರಪೊರೆ ಡ್ಯೂರಾ ಇಲ್ಲಿ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಮೂಳೆಯ ಜೊತೆ ಪೊರೆಯೂ ಹರಿಯುತ್ತದೆ. ಆಗ ಮಿದುಳನ್ನು ಸುತ್ತುವರಿದ ದ್ರವ ಮೂಗಿಗೆ ಸೋರುತ್ತದೆ. ಆ ತಿಳಿನೀರು ಇದೇ ಇರಬಹುದು. ಬೀಟಾ-2 ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಮಿದುಳಿನ ದ್ರವದಲ್ಲಿರುತ್ತದೆ, ಅದರ ಪರೀಕ್ಷೆ ಮಾಡಿದರೆ ಖಚಿತವಾಗುತ್ತದೆ. ಎಳೆಗಳು ತುಂಡಾಗಿದ್ದರೆ ವಾಸನೆಯೂ ಹೋಗುತ್ತದೆ. ಕೆಲವರಿಗೆ ತಿಂಗಳುಗಳಲ್ಲಿ ಮರಳುತ್ತದೆ, ಎಲ್ಲರಿಗೂ ಅಲ್ಲ. ತಮ್ಮನಿಗೆ ಕಾಫಿಯ ಪರಿಮಳ ಗೊತ್ತಾಗುತ್ತಿದೆಯೇ ಎಂದು ಕೇಳಿ, ಇಲ್ಲವೆಂದರೆ ಡಾಕ್ಟರಿಗೆ ತಿಳಿಸಿ.

ಇನ್ನು ಮೂಗು ಸೀಟುವ ವಿಷಯ. ದ್ರವ ಹೊರಬರುವ ದಾರಿಯಲ್ಲೇ ಗಾಳಿಯೂ ರೋಗಾಣುಗಳೂ ಒಳಹೋಗಬಲ್ಲವು. ಜೋರಾಗಿ ಸೀಟಿದರೆ ಬುರುಡೆಯೊಳಗೆ ಗಾಳಿ ತುಂಬಬಹುದು, ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಗಳ ಸೋಂಕು, ಆಗಬಹುದು. ಮೂಗಿಗೆ ಹತ್ತಿ ತುರುಕುವುದೂ ತಪ್ಪು. ಇಂಥ ಗಾಯಾಳುಗಳಿಗೆ ಹೊಟ್ಟೆಯ ನಳಿಕೆಯನ್ನೂ ಬಾಯಿಯಿಂದಲೇ ಹಾಕುತ್ತಾರೆ. ಮೂಗಿನಿಂದ ಹಾಕಿದರೆ ಮುರಿದ ಜಾಗದಲ್ಲಿ ಮೇಲೇರಿ ಮಿದುಳನ್ನು ಸೇರುವ ಅಪಾಯವಿದೆ.

ನಡುವಿನ ಕುಳಿ ಬಿರುಕುಬಿಟ್ಟರೆ ಚಿತ್ರವೇ ಬೇರೆ. ಕಿವಿಯ ಯಂತ್ರಾಂಗವೆಲ್ಲ ಟೆಂಪೊರಲ್ ಮೂಳೆಯ ಗಟ್ಟಿ ಭಾಗದಲ್ಲಿದ್ದು, ಮುಖದ ನರವೂ ಅದರೊಳಗಿಂದ ಹಾಯುತ್ತದೆ. ಹಾಗಾಗಿ ಕಿವಿಯಿಂದ ರಕ್ತ ಅಥವಾ ದ್ರವ ಸೋರಬಹುದು, ಕೇಳುವುದು ಕಡಿಮೆಯಾಗಬಹುದು, ಮುಖ ಒಂದು ಬದಿಗೆ ವಾಲಬಹುದು. ಕಿವಿಯ ಹಿಂದೆ ಒಂದೆರಡು ದಿನದ ಮೇಲೆ ನೀಲಿಗಟ್ಟುವುದೂ ಉಂಟು. ಹಿಂದಿನ ಕುಳಿ ಎಲ್ಲಕ್ಕಿಂತ ಆಳ. ಉಸಿರಾಟ ನಡೆಸುವ ಮಿದುಳುಕಾಂಡ ಅಲ್ಲಿದೆ. ಅಲ್ಲಿನ ಪೆಟ್ಟು ಅಪರೂಪವಾದರೂ ಭಯಂಕರ.

ಪೆಟ್ಟಿನಿಂದಾದ ಇಂಥ ಸೋರಿಕೆ ಬಹುಪಾಲು ಮಂದಿಯಲ್ಲಿ ತಲೆಯನ್ನು ಎತ್ತರಿಸಿ ಮಲಗಿ ವಿಶ್ರಾಂತಿ ಪಡೆದರೆ ಕೆಲವೇ ದಿನಗಳಲ್ಲಿ ತಾನಾಗಿ ನಿಲ್ಲುತ್ತದೆ. ಮುಕ್ಕಿ ಮಲವಿಸರ್ಜನೆ ಮಾಡದಂತೆಯೂ ನೋಡಿಕೊಳ್ಳಿ. ಮನೆಗೆ ಬಂದ ಮೇಲೆ ಬಗ್ಗಿದಾಗ ಮತ್ತೆ ನೀರು ತೊಟ್ಟಿಕ್ಕಿದರೆ, ಗಂಟಲಲ್ಲಿ ಉಪ್ಪುಪ್ಪು ಅನ್ನಿಸಿದರೆ, ಅಥವಾ ಜ್ವರದೊಂದಿಗೆ ತಲೆನೋವು, ಕುತ್ತಿಗೆ ಬಿಗಿತ ಕಾಣಿಸಿದರೆ ಬೆಳಗಾಗಲೆಂದು ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.