‘ಹೊಸದು ಮಾಡಿ’ ಅಂದರೆ ತಲೆಯಾಡಿಸುತ್ತಾರೆ, ಅಷ್ಟೇ!

ಪ್ರಶ್ನೆ: ಮುಖ್ಯ ಶಿಕ್ಷಕಿಯಾಗಿ ಇದು ನನಗೆ ಎರಡನೇ ವರ್ಷ. ಪ್ರತಿ ಸ್ಟಾಫ್ ಮೀಟಿಂಗ್‌ನಲ್ಲೂ ‘ಪಾಠದಲ್ಲಿ ಏನಾದರೂ ಹೊಸದು ಮಾಡಿ’ ಎನ್ನುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಕ್ಲಾಸಿಗೆ ಹೋದರೆ ಅದೇ ಹಳೇ ಪಾಠ. ಬಹುಮಾನ ಇಟ್ಟರೆ ಸರಿಹೋದೀತೇ?

ಉತ್ತರ: ಬಹುಮಾನ ಬೇಡಮ್ಮ. ನಾನು ಇಟ್ಟು ನೋಡಿದ್ದೇನೆ. ಗೆದ್ದವರು ಸ್ಟಾಫ್ ರೂಮಿನಲ್ಲಿ ಒಂಟಿಯಾದರು, ಉಳಿದವರು ಮುಖ ಊದಿಸಿಕೊಂಡರು.

ನಿಮ್ಮ ಟೀಚರುಗಳನ್ನು ಸೋಮಾರಿಗಳು ಅಂದುಕೊಳ್ಳಬೇಡಿ. ಹೊಸ ಪಾಠ ಕೆಟ್ಟರೆ, ಸಿಲಬಸ್ ಹಿಂದೆ ಬಿದ್ದರೆ ಮಾತು ಕೇಳುವವರು ಅವರೇ ಅಲ್ವಾ? ಹಳೇ ಪಾಠಕ್ಕೆ ಯಾರೂ ಏನೂ ಅನ್ನುವುದಿಲ್ಲ.

ಇದು ನನಗೆ ಅರ್ಥವಾಗಿದ್ದು ಮುಖಭಂಗವಾದ ಮೇಲೆ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಪ್ರಶ್ನೆ ಕೇಳಿದ ಟೀಚರುಗಳು ಉತ್ತರಕ್ಕೆ ಕಾಯುವುದು ಸರಾಸರಿ 1 ಸೆಕೆಂಡಿನಷ್ಟು. 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂರುವ ಮಕ್ಕಳೂ ಬಾಯಿ ಬಿಡುತ್ತಾರೆ. ಮೀಟಿಂಗ್‌ನಲ್ಲಿ ಇದರ ಮೇಲೆ ದೊಡ್ಡ ಭಾಷಣ ಬಿಗಿದೆ. ಗಣಿತದ ಟೀಚರ್, ‘ಸರ್, ಒಮ್ಮೆ ನೀವೇ ಮಾಡಿ ತೋರಿಸಿ’ ಎಂದುಬಿಟ್ಟರು.

ಏಳನೇ ತರಗತಿ, ಭಿನ್ನರಾಶಿ. ಅವರು ಹಿಂದಿನ ಬೆಂಚಿನಲ್ಲಿ ವಾಚು ಹಿಡಿದು ಕೂತರು. 16 ಪ್ರಶ್ನೆ ಕೇಳಿದ್ದೆ. 3 ಸೆಕೆಂಡ್ ಕಾದಿದ್ದು ನಾಲ್ಕೇ ಸಲ. ಅದರಲ್ಲೂ ಎರಡು ಸಲ ಕೆಳಗೆ ಬಿದ್ದ ಸೀಮೆಸುಣ್ಣ ಹುಡುಕುತ್ತಿದ್ದೆ!

ಅವರು ಲೆಕ್ಕ ಬರೆದ ಚೀಟಿಯನ್ನು ನಾನೇ ಸ್ಟಾಫ್ ರೂಮಿನ ಬೋರ್ಡಿಗೆ ಅಂಟಿಸಿದೆ. ಎಲ್ಲರೂ ಹೊಟ್ಟೆ ತುಂಬ ನಕ್ಕರು. ಮರುವಾರ ಅದೇ ಟೀಚರ್, ‘ಈಗ ನನ್ನ ಕ್ಲಾಸಿಗೆ ಬಂದು ಎಣಿಸಿ’ ಎಂದರು.

ಹುಮ್ಮಸ್ಸಿಗಿಂತ ಜಾಸ್ತಿ ಬೇಕಾದ್ದು ಬಿಡುವಿನ ಪೀರಿಯಡ್. ಜಪಾನಿನ ಶಾಲೆಗಳಲ್ಲಿ ‘ಜುಗ್ಯೋ ಕೆಂಕ್ಯೂ’ ಎಂಬ ಪದ್ಧತಿ ಇದೆ. ಹಾಗೆಂದರೆ ಪಾಠದ ಅಧ್ಯಯನ. ಕೆಲವು ಟೀಚರುಗಳು ಸೇರಿ ಒಂದು ಪಾಠ ಕಟ್ಟುತ್ತಾರೆ. ಒಬ್ಬರು ಕಲಿಸುತ್ತಾರೆ, ಉಳಿದವರು ಮಕ್ಕಳು ಎಲ್ಲಿ ತಡವರಿಸಿದರು ಅಂತ ನೋಡುತ್ತಾರೆ, ಆಮೇಲೆ ಕೂತು ತಿದ್ದುತ್ತಾರೆ. ಪಾಠ ಎಲ್ಲರದೂ ಆದ್ದರಿಂದ ಕೆಟ್ಟರೂ ಒಬ್ಬರ ತಲೆಗೆ ಕಟ್ಟುವ ಹಾಗಿಲ್ಲ. ಆದರೆ ಇಬ್ಬರು ಮೂವರಿಗೆ ಒಂದೇ ಹೊತ್ತಿಗೆ ಬಿಡುವು ಸಿಗಬೇಕಲ್ಲ? ಟೈಮ್‌ಟೇಬಲ್ ನಿಮ್ಮ ಕೈಯಲ್ಲೇ ಇದೆ. ನಾನು ತಿಂಗಳಿಗೆ ಎರಡು ಮೀಟಿಂಗ್ ರದ್ದು ಮಾಡಿ ಆ ಹೊತ್ತನ್ನು ಇದಕ್ಕೇ ಕೊಟ್ಟೆ. ಸುತ್ತೋಲೆ ಓದಿ ಹೇಳುವುದಕ್ಕೆ ಮೀಟಿಂಗ್ ಯಾಕೆ, ಬೋರ್ಡಿಗೆ ಹಾಕಿದರಾಯಿತು.

ಪಾಲಕರು ದೂರು ತಂದರೆ, ‘ಮಾಡಿ ನೋಡಿ ಅಂದವಳು ನಾನೇ’ ಎಂದು ಆ ಟೀಚರ್ ಎದುರಿಗೇ ಹೇಳಿ.

ಹೊಸದೆಲ್ಲ ಒಳ್ಳೆಯದು ಅಂತಲೂ ಇಲ್ಲ. ವಿಜ್ಞಾನದ ಟೀಚರ್ ಒಬ್ಬರು ಪಾಠಕ್ಕೆ ರಸಪ್ರಶ್ನೆ ಆಟ ತಂದರು. ಮಕ್ಕಳಿಗೆ ಖುಷಿಯೋ ಖುಷಿ. ವಾರ ಬಿಟ್ಟು ಕೇಳಿದರೆ ಯಾರು ಗೆದ್ದರು ಅನ್ನುವುದಷ್ಟೇ ನೆನಪು. ಅವರೇ ಅದನ್ನು ಕೈಬಿಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಅವತ್ತು ನನಗೆ ನಿಜಕ್ಕೂ ಖುಷಿಯಾಯಿತು.